ಸಭಾಕಂಪ



ನಾನೀಗ ಕುಳಿತಿರುವ ರೇಡಿಯೋ ಕೇಂದ್ರದ ಕೊಠಡಿ ಬಹು ಚಿಕ್ಕದು. ಹೊರಗಿನ ಸದ್ದು ಒಳಬಾರದಂತೆಯೂ ಒಳಗಿನ ಮಾತು ಮಾರ್ದನಿಗೊಳ್ಳದಂತೆಯೂ ಇದರ ಗೋಡೆಗಳಿಗೆ ಮೆತ್ತನೆಯ ಹೊದಿಕೆಯನ್ನು ಹೊದಿಸಿದ್ದಾರೆ. ಎದುರಿಗೆ ಒಂದು ಮೇಜು, ಅದರ ಮೇಲೆ ಧ್ವನಿಗ್ರಾಹಕ ಯಂತ್ರ, ಪಕ್ಕದಲ್ಲಿ ಒಂದು ಲೋಟ ನೀರು. ಗಾಜಿನ ಕಿಟಕಿಯಾಚೆ ಕುಳಿತವರು ಇದೀಗ ಕೈಯೆತ್ತಿ ಸನ್ನೆ ಮಾಡಿದರು. ಕೆಂಪು ದೀಪ ಹತ್ತಿತು. ಇಲ್ಲಿ ನನ್ನ ಮುಂದೆ ಸಭೆಯಿಲ್ಲ. ನನ್ನನ್ನು ದಿಟ್ಟಿಸುವ ಕಣ್ಣುಗಳಿಲ್ಲ. ಆದರೂ ಆ ದೀಪ ಹತ್ತಿದ ಕ್ಷಣದಲ್ಲಿ ನನ್ನ ಎದೆ ಒಮ್ಮೆ ಧಡಕ್ಕೆಂದಿತು. ನಲವತ್ತು ವರ್ಷಗಳ ಕಾಲ ತರಗತಿಗಳಲ್ಲಿ ನಿಂತು ಪಾಠ ಹೇಳಿದವನಿಗೂ ಅದು ತಪ್ಪಲಿಲ್ಲ. ಇಂದು ತಮ್ಮೊಡನೆ ಆ ಎದೆಬಡಿತದ ವಿಷಯವನ್ನೇ ಪ್ರಸ್ತಾಪಿಸಬೇಕೆಂದಿದ್ದೇನೆ.

ನಮ್ಮ ಹಿರಿಯರು ಇದಕ್ಕೆ ಸಭಾಕಂಪವೆಂದು ಹೆಸರಿಟ್ಟರು. ಸಭಾಭಯವೆನ್ನಲಿಲ್ಲ, ಕಂಪವೆಂದರು. ಕಂಪವೆಂದರೆ ನಡುಕ. ಬೆಳೆಗೆ ನುಗ್ಗಿದ ಕಾಡಾನೆಯನ್ನು ತಮಟೆ ಬಡಿದು ಅಟ್ಟಬಲ್ಲ ರೈತನೂ, ಸರಿರಾತ್ರಿಯಲ್ಲಿ ಲಾಂದ್ರ ಹಿಡಿದು ಹೊಳೆ ದಾಟಿ ಹೆರಿಗೆ ಮಾಡಿಸಿ ಬರುವ ಸೂಲಗಿತ್ತಿಯೂ, ದೊಡ್ಡ ದೊಡ್ಡ ಗ್ರಂಥಗಳನ್ನು ಜೀರ್ಣಿಸಿಕೊಂಡ ವಿದ್ವಾಂಸನೂ, ಐವತ್ತು ಜನ ಕುಳಿತಿರುವ ಸಭೆಯಲ್ಲಿ "ಎರಡು ಮಾತು ಹೇಳಿ" ಎಂದೊಡನೆ ಒಂದೇ ಬಗೆಯಲ್ಲಿ ನಡುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದಕಾರಣ ಇದು ಹೇಡಿತನವಲ್ಲ, ಅಜ್ಞಾನವೂ ಅಲ್ಲ. ಹಾಗಾದರೆ ಇದೇನು?

ನನ್ನ ಬಾಲ್ಯದ ಒಂದು ಸಂಜೆಯನ್ನು ತಮಗೆ ಹೇಳುತ್ತೇನೆ.

ನಾನಾಗ ಹನ್ನೆರಡು ವರ್ಷದ ಹುಡುಗ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣದ ಹೊಣೆ ನನ್ನ ಪಾಲಿಗೆ ಬಂದಿದ್ದಿತು. ಒಂದು ಪುಟದ ಭಾಷಣ. ಹದಿನೈದು ದಿನ ಅದನ್ನು ಕೊಟ್ಟಿಗೆಯ ಹಸುಗಳ ಮುಂದೆಯೂ ಬಾವಿಕಟ್ಟೆಯ ಮೇಲೆಯೂ ನಿಂತು ಒಪ್ಪಿಸಿದ್ದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದಂತೆ ಹೇಳಬಲ್ಲವನಾಗಿದ್ದೆ. ಆ ಸಂಜೆ ಹಸಿರು ಬಟ್ಟೆ ಹಾಸಿದ ಮೇಜಿನ ಬಳಿ ಬಂದು ನಿಂತೆ. ತಲೆಯ ಮೇಲೆ ಗ್ಯಾಸ್‌ಲೈಟು ಭುಸುಗುಡುತ್ತಿದ್ದಿತು. "ಮಾನ್ಯ ಅಧ್ಯಕ್ಷರೇ" ಎಂದೆ. ಮುಂದಿನ ಮಾತು ಬರಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಬಿಡಿಸಿದೆ. ಅಂಗೈಯ ಬೆವರಿಗೆ ಮಸಿ ಕದಡಿ, ಅಕ್ಷರಗಳೆಲ್ಲ ನೀಲಿಯ ಕಲೆಗಳಾಗಿದ್ದುವು. ಹೆಬ್ಬೆರಳಿಗೂ ಅದೇ ನೀಲಿ ಹತ್ತಿದ್ದಿತು. ಆ ನೀಲಿ ಹೆಬ್ಬೆರಳು ನಡುಗುತ್ತಿದ್ದುದನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ ಅರಿಯೆ. ಕಡೆಗೆ ಮೇಷ್ಟ್ರೊಬ್ಬರು ಬಂದು ಹೆಗಲ ಮೇಲೆ ಕೈಯಿಟ್ಟು ಕರೆದೊಯ್ದರು.

ಅವರು ಬೈಯಲಿಲ್ಲ. ಹಿಂದಿನ ಜಗಲಿಯಲ್ಲಿ ಕೂರಿಸಿ, ಬೊಗಸೆ ತುಂಬ ಕಡಲೆಪುರಿ ಕೊಟ್ಟು, "ಮಗು, ಅಲ್ಲಿ ನಿಂತಾಗ ಏನನ್ನು ನೋಡ್ತಾ ಇದ್ದೆ?" ಎಂದು ಕೇಳಿದರು. "ನನ್ನ ಕೈಯನ್ನು, ಮೇಷ್ಟ್ರೇ" ಎಂದೆ. "ಸ್ವಾಗತ ಮಾಡಬೇಕಾದ್ದು ಅಧ್ಯಕ್ಷರಿಗಲ್ಲವೇ? ಅವರ ಮುಖ ನೋಡಿದೆಯಾ?" ನಾನು ನೋಡಿರಲಿಲ್ಲ. ಅವರು ಮತ್ತೇನೂ ಹೇಳದೆ ಎದ್ದುಹೋದರು. ಆ ಪ್ರಶ್ನೆಯ ಅರ್ಥ ನನಗೆ ತಿಳಿಯಲು ಅನೇಕ ವರ್ಷಗಳು ಬೇಕಾದುವು.

ಶ್ರೋತೃಗಳೇ, ಮೊದಲು ಮೈಯ ಸಂಗತಿಯನ್ನು ಸಂಕ್ಷೇಪವಾಗಿ ತಿಳಿದುಕೊಳ್ಳೋಣ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳಿವೆ. ಅಪಾಯದ ಸೂಚನೆ ಬಂದೊಡನೆ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ನಿಮಿಷಕ್ಕೆ ಸುಮಾರು 70 ಸಾರಿ ಬಡಿಯುವ ಹೃದಯವು 100ನ್ನು ಮೀರಿ ಬಡಿಯತೊಡಗುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿಯೆದುರು ಓಡಲು ಅಥವಾ ಹೋರಾಡಲು ಇದೆಲ್ಲ ಬೇಕಾದ ಸಿದ್ಧತೆ. ಸಭೆಯಲ್ಲಿ ಹುಲಿಯಿಲ್ಲ, ಆದರೆ ನೂರು ಕಣ್ಣುಗಳು ಒಮ್ಮೆಲೇ ತನ್ನ ಮೇಲೆ ನೆಟ್ಟಾಗ ಮೈಗೆ ಆ ವ್ಯತ್ಯಾಸ ತಿಳಿಯದು. ಇಲ್ಲಿ ಸಮಾಧಾನದ ಮಾತು ಎರಡಿವೆ. ಈ ನಡುಕ ಆರಂಭದಲ್ಲಿ ಅತ್ಯಧಿಕವಾಗಿದ್ದು, ಮಾತು ಸಾಗಿದಂತೆಲ್ಲ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಅಲ್ಲದೆ, ಒಳಗೆ ನಮಗೆ ಸಿಡಿಲಿನಂತೆ ಕೇಳುವ ಎದೆಬಡಿತವು ಎರಡನೆಯ ಸಾಲಿನಲ್ಲಿ ಕುಳಿತವನಿಗೂ ಕೇಳಿಸುವುದಿಲ್ಲ. ಪ್ರಾಚೀನ ರೋಮಿನ ಮಹಾವಾಗ್ಮಿ ಸಿಸೆರೋ, ತಾನು ಸದಾ ಭಯದಿಂದಲೇ ಭಾಷಣವನ್ನು ಆರಂಭಿಸುವೆನೆಂದು ತುಂಬಿದ ನ್ಯಾಯಸಭೆಯಲ್ಲಿಯೇ ಹೇಳಿಕೊಂಡನು.

ಆದುದರಿಂದ ನಡುಕವು ಅಯೋಗ್ಯತೆಯ ಚಿಹ್ನೆಯಲ್ಲ; ಇದಿಷ್ಟು ಸ್ಪಷ್ಟವಾಯಿತು. ಈಗ ನನ್ನ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಮಾತನಾಡುವವನ ಕಣ್ಣು ಎಲ್ಲಿರಬೇಕು?

ಇದಕ್ಕೆ ವಾಲ್ಮೀಕಿಗಳ ಸುಂದರಕಾಂಡದಲ್ಲಿ ಒಂದು ಉಜ್ಜ್ವಲವಾದ ಉತ್ತರವಿದೆ. ಹನುಮಂತನು ಅಶೋಕವನದಲ್ಲಿ ಶಿಂಶಪಾವೃಕ್ಷದ ಎಲೆಗಳ ಮರೆಯಲ್ಲಿ ಕುಳಿತಿದ್ದಾನೆ. ಕೆಳಗೆ ಸೀತಾದೇವಿ, ಸುತ್ತಲೂ ರಾಕ್ಷಸಿಯರ ಕಾವಲು, ರಾವಣನು ಆಗತಾನೆ ಬಂದು ಬೆದರಿಸಿ ಹೋಗಿದ್ದಾನೆ. ನೂರು ಯೋಜನದ ಸಮುದ್ರವನ್ನು ಲಂಘಿಸುವಾಗ ಹಿಂಜರಿಯದ ಆ ವೀರನು ಇಲ್ಲಿ ಮೊದಲ ಮಾತನ್ನಾಡಲು ಹಿಂಜರಿಯುತ್ತಾನೆ. ಕವಿಯು ಅವನ ಈ ಆಲೋಚನೆಗೆಂದೇ ಒಂದು ಸರ್ಗವನ್ನು ಮೀಸಲಿಟ್ಟಿದ್ದಾನೆ. ಆದರೆ ಅವನ ಹಿಂಜರಿಕೆ ಯಾವ ಬಗೆಯದೆಂಬುದನ್ನು ತಾವು ಗಮನಿಸಬೇಕು. "ನಾನು ತಪ್ಪಿದರೆ ನನ್ನ ಗತಿಯೇನು, ಈಕೆ ನನ್ನನ್ನು ಏನೆಂದು ಎಣಿಸುವಳು" ಎಂಬುದು ಅವನ ಚಿಂತೆಯಲ್ಲ. ಪಂಡಿತನಂತೆ ಸಂಸ್ಕೃತದಲ್ಲಿ ನುಡಿದರೆ ಈಕೆ ನನ್ನನ್ನು ರಾವಣನೆಂದೇ ತಿಳಿದು ಬೆದರುವಳು. ಬೆದರಿ ಕೂಗಿಕೊಂಡರೆ ಕಾವಲಿನವರು ಎಚ್ಚರಗೊಳ್ಳುವರು. ನುಡಿಯದೆ ಹೋದರೆ ನಿರಾಶೆಯಿಂದ ಪ್ರಾಣವನ್ನೇ ಬಿಡಬಹುದು. ಹೀಗೆ ಅವನ ವಿಚಾರವೆಲ್ಲ ಕೇಳುವವಳ ಸುತ್ತಲೇ ಸುಳಿಯುತ್ತದೆ. ಕಡೆಗೆ, ಸಾಮಾನ್ಯ ಮನುಷ್ಯರು ಆಡುವ ನುಡಿಯಲ್ಲಿ, ಮೆಲುದನಿಯಲ್ಲಿ, ಆಕೆಗೆ ಪ್ರಿಯವಾದ ದಶರಥನ ಮನೆತನದ ವೃತ್ತಾಂತದಿಂದಲೇ ಅವನು ಮಾತನ್ನು ಆರಂಭಿಸುತ್ತಾನೆ. ಭಾಷಣಕಲೆಯನ್ನು ಕುರಿತು ಇದಕ್ಕಿಂತ ದೊಡ್ಡ ಪಾಠವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಹನ್ನೆರಡು ವರ್ಷದ ನಾನು ನನ್ನ ಹೆಬ್ಬೆರಳನ್ನು ನೋಡುತ್ತಿದ್ದೆ. ಹನುಮಂತನು ಸೀತೆಯ ಮುಖವನ್ನು ನೋಡುತ್ತಿದ್ದನು.

ದೃಷ್ಟಿಯು ತನ್ನಿಂದ ಕೇಳುವವರ ಕಡೆಗೆ ತಿರುಗಬೇಕು. ಇದು ಮೊದಲನೆಯ ಮಾತಾಯಿತು. ಪುರಾಣಪುರುಷರಿಗೆ ಇದು ಸುಲಭ, ನಮಗೆ ಹೇಗೆ ಸಾಧ್ಯವೆಂದು ತಾವು ಕೇಳಬಹುದು. ನಮ್ಮಂತೆಯೇ ನಡುಗಿದವರೊಬ್ಬರ ಕಥೆಯನ್ನು, ಅವರೇ ತಮ್ಮ ಆತ್ಮಕಥೆಯಲ್ಲಿ ಏನನ್ನೂ ಮುಚ್ಚಿಡದೆ ಬರೆದಿರುವಂತೆ, ಈಗ ನೋಡೋಣ. ಅವರು ಮಹಾತ್ಮಾ ಗಾಂಧಿಯವರು.

ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿ ಲಂಡನ್ನಿನಲ್ಲಿದ್ದಾಗ ಗಾಂಧೀಜಿ ಅಲ್ಲಿಯ ಸಸ್ಯಾಹಾರಿಗಳ ಸಂಘದ ಕಾರ್ಯಸಮಿತಿಯಲ್ಲಿದ್ದರು. ಸಭೆಗಳಿಗೆ ತಪ್ಪದೆ ಹೋಗುವರು. ಬಾಯಿ ಮಾತ್ರ ತೆರೆಯಲಾರರು. ಒಮ್ಮೆ ವೆಂಟ್ನರ್ ಎಂಬ ಕಡಲತೀರದ ಊರಿನಲ್ಲಿ ಸಸ್ಯಾಹಾರದ ಪ್ರಚಾರಕ್ಕಾಗಿ ಒಂದು ಸಭೆ. ಒಂದು ಹಾಳೆಯನ್ನೂ ಮೀರದಷ್ಟು ಚಿಕ್ಕ ಭಾಷಣವನ್ನು ಬರೆದುಕೊಂಡು ಎದ್ದು ನಿಂತರು. ಕಣ್ಣು ಮಂಜಾಯಿತು, ಮೈ ನಡುಗಿತು, ಓದಲಾಗಲಿಲ್ಲ. ಜೊತೆಯಲ್ಲಿದ್ದ ಮಜ್ಮುದಾರ್ ಎಂಬವರು ಅದನ್ನು ಓದಿ ಹೇಳಬೇಕಾಯಿತು. 1891ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಮಿತ್ರರಿಗೆ ತಾವೇ ಏರ್ಪಡಿಸಿದ ಔತಣದಲ್ಲಿಯೂ ಸಿದ್ಧಪಡಿಸಿಕೊಂಡಿದ್ದ ಮಾತುಗಳು ಮೊದಲ ವಾಕ್ಯದಾಚೆ ಹೋಗಲಿಲ್ಲ. ಬಂದವರಿಗೆ ವಂದನೆ ಹೇಳಿ ಕುಳಿತುಬಿಟ್ಟರು. ಮುಂಬಯಿಗೆ ಬಂದು 30 ರೂಪಾಯಿಗಳ ಫೀಜಿಗೆ ಮೊದಲ ಮೊಕದ್ದಮೆಯನ್ನು ವಹಿಸಿಕೊಂಡು, ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು ನಿಂತಾಗ ನ್ಯಾಯಾಲಯವೇ ಗಿರ್ರನೆ ತಿರುಗಿದಂತಾಯಿತು. ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಕೊಂಡು, ಬೇರೆ ವಕೀಲರನ್ನು ನೋಡಿಕೊಳ್ಳಬೇಕೆಂದು ಹೇಳಿ, ಹೊರಟುಹೋದರು.

ಆ ತರುಣನ ಮನಸ್ಸಿನ ಸಂಕಟವನ್ನು ತಾವು ಊಹಿಸಿಕೊಳ್ಳಬಲ್ಲಿರಿ. ಮಾತನ್ನೇ ನಂಬಿ ಬದುಕಬೇಕಾದ ವೃತ್ತಿ, ಅದಕ್ಕಾಗಿ ಮನೆಯವರು ಮಾಡಿದ ವೆಚ್ಚ, ಬಾಯಲ್ಲಿ ಮಾತಿಲ್ಲ.

ಇನ್ನು 1893. ಗಾಂಧೀಜಿಗೆ 24 ತುಂಬಿರಲಿಲ್ಲ. ದಕ್ಷಿಣ ಆಫ್ರಿಕದ ಪ್ರಿಟೋರಿಯಾ ನಗರಕ್ಕೆ ಹೋದ ಹೊಸತು. ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ರೈಲುಗಾಡಿಯಿಂದ ಹೊರದಬ್ಬಿಸಿಕೊಂಡ ನೋವು ಇನ್ನೂ ಹಸಿಯಾಗಿದ್ದ ದಿನಗಳು. ಅಲ್ಲಿಯ ಭಾರತೀಯರ ಸ್ಥಿತಿಗತಿಗಳನ್ನು ತಿಳಿಯಬೇಕೆಂದು, ಬಹುತೇಕ ಮೇಮನ್ ವರ್ತಕರೇ ತುಂಬಿದ್ದ ಒಂದು ಸಭೆಯನ್ನು ಒಬ್ಬ ಸೇಟರ ಮನೆಯಲ್ಲಿ ಸೇರಿಸಿದರು. ತಮ್ಮ ಜೀವಮಾನದ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಕರೆಯುವುದು ಇದನ್ನೇ. ವ್ಯಾಪಾರದಲ್ಲಿ ಸತ್ಯ ನಡೆಯಬಾರದೇಕೆ ಎಂದು ಆ ವರ್ತಕರನ್ನೇ ಕೇಳಿದರು. ನೈರ್ಮಲ್ಯವನ್ನು ಕುರಿತು ಹೇಳಿದರು. ಹಿಂದೂ, ಮುಸಲ್ಮಾನ, ಪಾರ್ಸಿಯೆಂಬ ಭೇದಗಳನ್ನು ಮರೆತು ಒಂದು ಸಂಘವಾಗಬೇಕೆಂದರು. ಇಂಗ್ಲಿಷ್ ಬಾರದೆ ಕಷ್ಟಪಡುವವರಿಗೆ ತಾವೇ ಕಲಿಸಿಕೊಡುವುದಾಗಿಯೂ ಹೇಳಿದರು. ಮೂವರು ಮುಂದೆ ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವನು. ಅವರವರ ಅನುಕೂಲದ ಹೊತ್ತಿಗೆ ಅವರವರ ಬಳಿಗೇ ಹೋಗಿ ಗಾಂಧೀಜಿ ಪಾಠ ಹೇಳಿಕೊಟ್ಟರು.

ಇಲ್ಲಿ ನಡೆದ ಪರಿವರ್ತನೆ ಯಾವುದು? ಮನುಷ್ಯ ಅವನೇ, ಸ್ವಭಾವವೂ ಅದೇ. ಔತಣದ ದಿನ ಅವರಿಗೆ ಬೇಕಾಗಿದ್ದುದು ಒಂದು ಸೊಗಸಾದ ಭಾಷಣ. ಪ್ರಿಟೋರಿಯಾದಲ್ಲಿ ಬೇಕಾಗಿದ್ದುದು ಆ ಜನರ ಹಿತ. ಹಿತವನ್ನು ಬಯಸಿ ನಿಂತವನಿಗೆ, ತನ್ನ ಮಾತು ಸೊಗಸಾಯಿತೇ ಇಲ್ಲವೇ ಎಂದು ಅಳೆದು ನೋಡುವ ಬಿಡುವೇ ಇರುವುದಿಲ್ಲ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ತಮಗೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಮೂರು ವರ್ಷಗಳ ಮೇಲೆ, 1896ರಲ್ಲಿ, ಅದೇ ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟವನ್ನು ದೇಶಕ್ಕೆ ತಿಳಿಸಲು ಮುಂಬಯಿಯಲ್ಲಿ, ಅಲ್ಲಿಯ ಮುಂದಾಳು ಸರ್ ಫಿರೋಜ್‌ಷಾ ಮೆಹತರ ಆಶ್ರಯದಲ್ಲಿ ದೊಡ್ಡ ಸಭೆ ಸೇರಿತು. ಸಭಾಭವನ ಕಿಕ್ಕಿರಿದು ತುಂಬಿತ್ತು. ಭಾಷಣವನ್ನು ಅಚ್ಚುಹಾಕಿಸಿಯೂ ಇದ್ದಿತು. ಹಿತಚಿಂತನೆಗೆ ಕೊರತೆಯಿರಲಿಲ್ಲ. ಆದರೂ ಗಾಂಧೀಜಿಯ ದನಿ ನಡುಗಿತು. "ಗಟ್ಟಿಯಾಗಿ" ಎಂದು ಮೆಹತರು ಹುರಿದುಂಬಿಸಿದಂತೆಲ್ಲ ಅದು ಇನ್ನಷ್ಟು ಕುಗ್ಗಿತು. ಕಡೆಗೆ ದಿನ್‌ಷಾ ವಾಚಾರವರು ಅದನ್ನು ಓದಿದರು. 1901ರ ಕಲ್ಕತ್ತಾ ಕಾಂಗ್ರೆಸ್ಸಿಗೆ ಅದೇ ವಾಚಾರವರು ಅಧ್ಯಕ್ಷರು. ದಕ್ಷಿಣ ಆಫ್ರಿಕದ ನಿರ್ಣಯವನ್ನು ಮಂಡಿಸಲು ಗಾಂಧೀಜಿಗೆ ಐದು ನಿಮಿಷ. ಇನ್ನೆರಡು ನಿಮಿಷ ಉಳಿದಿದೆಯೆಂದು ಎಚ್ಚರಿಸಲು ಬಾರಿಸಿದ ಗಂಟೆಯನ್ನು, ಮುಗಿಸೆಂಬ ಆಜ್ಞೆಯೆಂದೇ ತಿಳಿದು, ಮನಸ್ಸು ನೊಂದು, ಮಾತನ್ನು ಅಲ್ಲಿಯೇ ಕಡಿದು ಕುಳಿತರು. ಈ ವ್ಯಕ್ತಿಯೇ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತರು. ಔತಣದ ಸಂಜೆಗೂ ಬೆಳಗಾವಿಗೂ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷಗಳು. ತಮ್ಮ ಸಂಕೋಚವೇ ತಮಗೆ ಮಿತವಾದ ಮಾತನ್ನು ಕಲಿಸಿತೆಂದು ಅವರು ಮುಂದೆ ಕೃತಜ್ಞತೆಯಿಂದ ನೆನೆದರು.

ಕೇಳುವವರ ಹಿತದ ಕಡೆಗೆ ಮನಸ್ಸು ತಿರುಗಿದರೆ ಬಾಯಿ ತೆರೆಯುತ್ತದೆ. ಆದರೆ ಸೇಟರ ಮನೆಯ ಹಜಾರದಲ್ಲಿ ತೆರೆದ ಬಾಯಿ ದೊಡ್ಡ ಸಭಾಭವನದಲ್ಲಿ ಮತ್ತೆ ಮುಚ್ಚಬಹುದು. ಆದುದರಿಂದ ಮೆಟ್ಟಲು ಮೆಟ್ಟಲಾಗಿ ಅಭ್ಯಾಸ ಬೇಕು. ಈ ಅಭ್ಯಾಸಕ್ರಮವನ್ನು ನಮ್ಮ ಕರಾವಳಿಯ ಯಕ್ಷಗಾನದವರು ಬಹು ಹಿಂದೆಯೇ ಕಂಡುಕೊಂಡರು.

ಹಳೆಯ ಪದ್ಧತಿಯಂತೆ, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನನ್ನು ಅವರು ನೇರವಾಗಿ ಅರ್ಜುನನನ್ನಾಗಿ ಮಾಡಿ ನಿಲ್ಲಿಸುವುದಿಲ್ಲ. ರಾತ್ರಿಯ ಆರಂಭದಲ್ಲಿ, ಜನ ಇನ್ನೂ ಒಬ್ಬೊಬ್ಬರಾಗಿ ಬಂದು ಚಾಪೆ ಹಾಸಿಕೊಳ್ಳುತ್ತಿರುವಾಗ, ಮಕ್ಕಳು ನೆಲಗಡಲೆಗಾಗಿ ಹಟ ಮಾಡುತ್ತಿರುವಾಗ, ಪೂರ್ವರಂಗದಲ್ಲಿ ಕೋಡಂಗಿಯಾಗಿ ಅವನು ನಾಲ್ಕು ಹೆಜ್ಜೆ ಹಾಕಿ ಬರುತ್ತಾನೆ. ಆಗ ಅವನಿಂದ ಯಾರೂ ಏನನ್ನೂ ನಿರೀಕ್ಷಿಸಿರುವುದಿಲ್ಲ. ತಪ್ಪಿದರೂ ಹಾನಿಯಿಲ್ಲ. ಆದರೆ ದೀಪದ ಬೆಳಕು ಅವನ ಮುಖಕ್ಕೆ ಬಿದ್ದಿತು, ಚೆಂಡೆಯ ಪೆಟ್ಟು ಅವನ ಎದೆಗೆ ತಾಕಿತು, ಎದುರಿನ ಕತ್ತಲೆಯಲ್ಲಿ ಜನರಿದ್ದಾರೆಂಬ ಅರಿವು ಮೈಗೆ ಹತ್ತಿತು. ಮುಂದೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷಗಳು, ಕೆಲವು ತಿರುಗಾಟಗಳು ಕಳೆದ ಮೇಲೆ ಅಭಿಮನ್ಯು, ಬಭ್ರುವಾಹನ. ರಾಜವೇಷ ಕಟ್ಟುವ ಹೊತ್ತಿಗೆ ಸಭೆಯು ಅವನಿಗೆ ಮನೆಯ ಅಂಗಳವಾಗಿರುತ್ತದೆ. ತಾಳಮದ್ದಳೆಯಲ್ಲಿಯೂ ಹೀಗೆಯೇ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡಿದೊಡನೆ ಅರ್ಥಧಾರಿಯು ಕುಳಿತಲ್ಲಿಯೇ ಮಾತನ್ನು ಹುಟ್ಟಿಸಬೇಕು. ಎದುರು ಕುಳಿತವನು ವಾದ ಹೂಡಿದರೆ ತಕ್ಷಣವೇ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ಅರ್ಥಗಾರಿಕೆಯನ್ನು ಕೇಳಲು ಜನರು ಬೆಳಕು ಹರಿಯುವವರೆಗೆ ಕದಲದೆ ಕುಳಿತಿರುತ್ತಿದ್ದರು. ಅಂತಹ ಮಾತುಗಾರರ ನಾಡಿನಲ್ಲಿಯೂ ಹೊಸಬನು ಪ್ರಾರಂಭಿಸುವುದು ಮಳೆಗಾಲದ ಒಂದು ರಾತ್ರಿ, ಪರಿಚಿತರ ಜಗಲಿಯಲ್ಲಿ, ನಾಲ್ಕೇ ಮಾತಿನ ಒಬ್ಬ ದೂತನಾಗಿ.

ತಮ್ಮ ಪಾಲಿನ ಕೋಡಂಗಿಯ ವೇಷ ಯಾವುದೆಂಬುದನ್ನು ತಾವೇ ಹುಡುಕಿಕೊಳ್ಳಬೇಕು. ಮದುವೆಯ ಮನೆಯಲ್ಲಿ ಹತ್ತು ಜನರ ಮುಂದೆ ಹೇಳುವ ಎರಡು ಹಾರೈಕೆಯ ಮಾತಿರಬಹುದು. ಸಹಕಾರ ಸಂಘದ ಸಭೆಯಲ್ಲಿ ಲೆಕ್ಕವನ್ನು ಕುರಿತು ಕೇಳುವ ಒಂದೇ ಒಂದು ಪ್ರಶ್ನೆಯಿರಬಹುದು. ಆ ಪ್ರಶ್ನೆ ಕೇಳಲು ಎದ್ದು ನಿಂತವನು ಅರ್ಧ ದಾರಿ ಸಾಗಿದಂತೆಯೇ ಸರಿ.

ಇನ್ನು ನನ್ನ ಅನುಭವದಿಂದ ಒಂದೆರಡು ಸಂಗತಿಗಳು. ಭಾಷಣವನ್ನು ಅಕ್ಷರ ಅಕ್ಷರವಾಗಿ ಬಾಯಿಪಾಠ ಮಾಡಬೇಡಿರಿ. ಬಾಯಿಪಾಠದ ಮಾತು ದಾರದಲ್ಲಿ ಪೋಣಿಸಿದ ಮಣಿಗಳಂತೆ. ಒಂದೆಡೆ ಕಡಿದರೆ ಎಲ್ಲವೂ ಚೆಲ್ಲಿಹೋಗುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ನನಗೆ ಆದದ್ದು ಅದೇ. ಮೊದಲ ವಾಕ್ಯವನ್ನು ಮಾತ್ರ ಗಟ್ಟಿ ಮಾಡಿಕೊಂಡು, ಉಳಿದುದಕ್ಕೆ ಮೂರು ನಾಲ್ಕು ಅಂಶಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಸಾಕು. ಮರೆತುಹೋದರೆ ನಿಲ್ಲಿರಿ, ಒಂದು ಗುಟುಕು ನೀರು ಕುಡಿಯಿರಿ, ಹೇಳಿದ ಕಡೆಯ ಮಾತನ್ನೇ ಮತ್ತೊಮ್ಮೆ ಹೇಳಿರಿ. ಮುಂದಿನದು ಅದರ ಬೆನ್ನು ಹಿಡಿದು ಬರುತ್ತದೆ. ಸಭೆಯನ್ನೆಲ್ಲ ಒಮ್ಮೆಗೇ ನೋಡಲು ಹೋಗದೆ, ಗಮನವಿಟ್ಟು ಕೇಳುತ್ತಿರುವ ಒಂದು ಮುಖವನ್ನು ಆರಿಸಿಕೊಂಡು ಅವರಿಗೇ ಹೇಳಿರಿ. ಈ ಕೊಠಡಿಯಲ್ಲಿ ನನಗೆ ಆ ಒಂದು ಮುಖವೂ ಕಾಣದು. ಆದುದರಿಂದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ರೇಡಿಯೋಗೆ ಕಿವಿಗೊಟ್ಟ ಒಬ್ಬ ತಾಯಿಯನ್ನು ಕಲ್ಪಿಸಿಕೊಂಡು ಆಕೆಯೊಡನೆ ಮಾತನಾಡುತ್ತಿದ್ದೇನೆ.

ಭಾಷೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಜನರಲ್ಲಿ ಎಷ್ಟೋ ಮಂದಿ ಸಭೆಗೆ ಹೆದರುವುದಕ್ಕಿಂತ ಹೆಚ್ಚಾಗಿ ಪುಸ್ತಕದ ಕನ್ನಡಕ್ಕೆ ಹೆದರುತ್ತಾರೆ. ಕೋಲಾರದವನ ಮಾತಾಗಲಿ, ಧಾರವಾಡದವನ ಮಾತಾಗಲಿ, ಕುಂದಾಪುರದವನ ಮಾತಾಗಲಿ ಸಭೆಗೆ ಸಲ್ಲದೆಂಬ ತಪ್ಪು ಭಾವನೆ ಎಷ್ಟು ಬಾಯಿಗಳನ್ನು ಕಟ್ಟಿಹಾಕಿದೆಯೋ ಹೇಳತೀರದು. ನಲವತ್ತು ವರ್ಷ ಗ್ರಂಥಗಳ ನಡುವೆ ಬಾಳಿದುದರಿಂದ ನನ್ನ ಮಾತು ಹೀಗಾಗಿದೆ, ಇದು ನನ್ನದು. ತಮ್ಮ ಮನೆಯಲ್ಲಿ ತಾವಾಡುವುದು ತಮ್ಮದು. ಹನುಮಂತನು ಸಂಸ್ಕೃತವನ್ನು ಬಲ್ಲವನಾಗಿದ್ದೂ ಅದನ್ನು ಬದಿಗಿಟ್ಟನೆಂಬುದನ್ನು ನೆನೆಯಿರಿ.

ಕೇಳುವವರಿಗೂ ಕರ್ತವ್ಯವಿದೆ. ಮುಂಬಯಿಯ ಸಭೆಯಲ್ಲಿ ಮೆಹತರು ಹುರಿದುಂಬಿಸಲೆಂದೇ "ಗಟ್ಟಿಯಾಗಿ" ಎಂದಾಗಲೂ ದನಿ ಏರಲಿಲ್ಲ, ಇಳಿಯಿತು. ಮನೆಗೆ ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಪದ್ಯ ಹೇಳಿಸಿ, ಅದು ತೊದಲಿದಾಗ ನಗುವ ಹಿರಿಯರು ಆ ಮಗುವಿನ ಬಾಯಿಗೆ ಎಷ್ಟು ವರ್ಷಗಳ ಬೀಗ ಹಾಕುತ್ತಿರುವೆವೆಂದು ಯೋಚಿಸಬೇಕು. ನಡುಗುವವನ ಎದುರು ಮೌನವಾಗಿ, ಪ್ರಸನ್ನ ಮುಖದಿಂದ ಕಾಯುವುದು ದೊಡ್ಡ ಉಪಕಾರ.

ಇದುವರೆಗೆ ನೋಟವನ್ನು ಕುರಿತು, ಅಭ್ಯಾಸವನ್ನು ಕುರಿತು, ಭಾಷೆಯನ್ನು ಕುರಿತು ಹೇಳಿದೆ. ಗಡಿಯಾರದಲ್ಲಿ ಇನ್ನೊಂದೆರಡು ನಿಮಿಷ ಉಳಿದಿದೆ. ನಾನು ಕಣ್ಣಾರೆ ಕಂಡ ಒಂದು ಸಭೆಯನ್ನು ತಮ್ಮ ಮುಂದಿಡುತ್ತೇನೆ.

ಬಯಲುಸೀಮೆಯ ಒಂದು ಹಳ್ಳಿ. ಬೇಸಗೆಯ ಸಂಜೆ, ದೇವಸ್ಥಾನದ ಮುಂದಿನ ಕಲ್ಲಿನ ಮಂಟಪದಲ್ಲಿ ಗ್ರಾಮಸಭೆ. ಗಂಡಸರು ಮಂಟಪದಲ್ಲಿ ಕುಳಿತಿದ್ದರು. ಹೆಂಗಸರು ಕೆಳಗೆ, ಮೆಟ್ಟಲ ಬಳಿ ನಿಂತಿದ್ದರು. ರಸ್ತೆಯ ಮಾತು, ಜಾತ್ರೆಯ ಲೆಕ್ಕ ಎಲ್ಲ ಮುಗಿಯಿತು. "ಇನ್ನೇನಾದರೂ ಇದೆಯೇ?" ಎಂದು ಅಧ್ಯಕ್ಷರು ಕೇಳಿ, ಏಳುವುದರಲ್ಲಿದ್ದರು. ಆಗ ನಲವತ್ತರ ವಯಸ್ಸಿನ ಒಬ್ಬ ಹೆಂಗಸು ಎರಡು ಮೆಟ್ಟಲು ಹತ್ತಿ ಬಂದಳು. ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ. ಒಂದು ಕೈಯಿಂದ ಕಂಬವನ್ನು ಬಲವಾಗಿ ಹಿಡಿದುಕೊಂಡಿದ್ದಳು. ಇನ್ನೊಂದು ಕೈಯಲ್ಲಿದ್ದ ಸೆರಗಿನ ತುದಿ ಗಾಳಿಯಿಲ್ಲದೆಯೇ ಅಲುಗುತ್ತಿದ್ದಿತು.

"ಅಣ್ಣಾ, ನಮ್ ಬೀದಿ ಬಾವಿ ಬತ್ತಿ ಎರಡು ತಿಂಗಳಾಯ್ತು," ಎಂದಳು. ದನಿ ಒಡೆಯಿತು. ಒಂದು ಕ್ಷಣ ನಿಂತಳು. ಯಾರೂ ನಗಲಿಲ್ಲ, ಮುಂದೆ ಕುಳಿತಿದ್ದ ಒಬ್ಬ ಮುದುಕರು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ ಅವಳ ಕಡೆ ತಿರುಗಿ ಕುಳಿತರು. ಎರಡು ತಿಂಗಳಿಂದ ದಿನವೂ ಕೊಡ ಹೊತ್ತು ನಡೆಯುತ್ತ ಜೊತೆಯವರೊಡನೆ ಆಡಿದ್ದ ಮಾತನ್ನೇ ಅವಳು ಅಲ್ಲಿ ಆಡಿದಳು. ತೋಟದ ಬಾವಿಗೆ ಎಷ್ಟು ದೂರ, ಮನೆಗೆ ಎಷ್ಟು ಕೊಡ, ಬಾಣಂತಿಯಿರುವ ಮನೆಗೆ ಎಷ್ಟು, ಎಮ್ಮೆಯಿರುವ ಮನೆಗೆ ಎಷ್ಟು ಎಂದು ಒಂದೊಂದಾಗಿ ಎಣಿಸಿ ಹೇಳುತ್ತ ಹೋದಳು. ಕಂಬವನ್ನು ಹಿಡಿದಿದ್ದ ಕೈ ಯಾವಾಗಲೋ ಬಿಟ್ಟಿದ್ದಿತು. ಆ ಕೈಯ ಬೆರಳುಗಳನ್ನೇ ಮಡಿಸುತ್ತ ಅವಳು ಕೊಡಗಳ ಲೆಕ್ಕ ಹೇಳುತ್ತಿದ್ದಳು. ಅಧ್ಯಕ್ಷರು ಮತ್ತೆ ಕುಳಿತುಕೊಂಡು, ಜೇಬಿನಿಂದ ಪೆನ್ಸಿಲು ತೆಗೆದು, "ನಿಧಾನವಾಗಿ ಹೇಳಮ್ಮ, ಬರಕೊಳ್ತೀನಿ" ಎಂದರು.